ಕಥೆ ಬೇರೆ ಮನೆ ಮಾಡಿದಾಗ

ಮಳೆಗಾಲದ ಕೊಡಗಿನಲ್ಲಿ ಸಂಜೆ ಏಳರ ಮೇಲೆ ಟಿವಿ ನೋಡಲು ಸಿಗುವುದೇ ಅದೃಷ್ಟ. ಕರೆಂಟ್ ಇದ್ದರೆ ಡಿಶ್‌ಗೆ ಸಿಗ್ನಲ್ ಇರುವುದಿಲ್ಲ, ಸಿಗ್ನಲ್ ಇದ್ದರೆ ಕರೆಂಟ್ ಇರುವುದಿಲ್ಲ. ಮಾಮೂಲಿ ಧಾರಾವಾಹಿಯ ಎರಡು ಕಂತು ತಪ್ಪಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೂರನೇ ದಿನವೂ ಕಥೆ ಅದೇ ಮದುವೆ ಮಂಟಪದಲ್ಲಿ ನಿಂತಿರುತ್ತದೆ, ಅಲ್ವಾ? ಆದರೆ ಒಂದೇ ಕಥೆ ಎರಡು ಧಾರಾವಾಹಿಯಾಗಿ ಒಡೆದರೆ ಕಷ್ಟ. ಅಕ್ಕನ ಮನೆಯಲ್ಲಿ ಆಡಿದ ಮಾತಿಗೆ ತಂಗಿಯ ಮನೆಯಲ್ಲಿ ಗಲಾಟೆ ನಡೆಯುತ್ತದೆ. ಮೊದಲ ಅರ್ಧ ಗಂಟೆ ತಪ್ಪಿದವರಿಗೆ ಇನ್ನೊಂದರ ತಲೆಬುಡ ಗೊತ್ತಾಗುವುದಿಲ್ಲ.

ಕಲರ್ಸ್ ಕನ್ನಡದಲ್ಲಿ ಆಗಿದ್ದೂ ಅದೇ. 2022ರ ಅಕ್ಟೋಬರ್‌ನಲ್ಲಿ ‘ಭಾಗ್ಯಲಕ್ಷ್ಮೀ’ ಶುರುವಾದಾಗ ಅಕ್ಕ ಭಾಗ್ಯ, ತಂಗಿ ಲಕ್ಷ್ಮೀ ಇಬ್ಬರೂ ಒಂದೇ ಕಥೆಯಲ್ಲಿದ್ದರು. 2023ರ ಮಾರ್ಚ್‌ನಲ್ಲಿ ತಂಗಿಯ ಕಥೆ ‘ಲಕ್ಷ್ಮೀ ಬಾರಮ್ಮ’ ಎಂಬ ಹೆಸರಿನಲ್ಲಿ ಬೇರೆಯಾಯಿತು. ಆ ಹೆಸರೂ ಹಳೆಯದೇ. 2013ರಲ್ಲಿ ಶುರುವಾಗಿ ವರ್ಷಗಟ್ಟಲೆ ಓಡಿದ ಧಾರಾವಾಹಿಯದು. ಅದರ ‘ಗೊಂಬೆ’ ಎಂಬ ಪಾತ್ರ ಮತ್ತೆ ಬರುತ್ತದೆ ಎಂದುಕೊಂಡವರಿಗೆ ಸಿಕ್ಕಿದ್ದು ಹೆಸರು ಮಾತ್ರ. ಇನ್ನೊಂದು ವಿಷಯ ಕೊಡಗಿನವರೇ ಗಮನಿಸುವಂಥದ್ದು. ಹೊಸ ಕಥೆಯ ಅತ್ತೆಯ ಹೆಸರು ಕಾವೇರಿ, ಅವಳೇ ಖಳನಾಯಕಿ! ತಲಕಾವೇರಿಯ ತೀರ್ಥಕ್ಕೆ ರಾತ್ರಿಯಿಡೀ ಕಾಯುವ ಊರಿನಲ್ಲಿ ಅವಳನ್ನು ಬೈಯುವಾಗ ಹಿರಿಯರು ಸ್ವಲ್ಪ ತಡವರಿಸಿದರೆ ಆಶ್ಚರ್ಯವಿಲ್ಲ.

ಒಂದು ಧಾರಾವಾಹಿಯ ಪಾತ್ರವನ್ನು ಎತ್ತಿಕೊಂಡು ಅದರ ಸುತ್ತ ಇನ್ನೊಂದು ಕಟ್ಟಿದರೆ ಟಿವಿಯವರು ಸ್ಪಿನ್‌ಆಫ್ ಎನ್ನುತ್ತಾರೆ. ಕೊಡವರು ಐನ್‌ಮನೆ, ಅಂದರೆ ಹಿರಿಯರ ದೊಡ್ಡಮನೆ, ಬಿಟ್ಟು ತೋಟದಲ್ಲಿ ಬೇರೆ ಮನೆ ಮಾಡಿದ ಹಾಗೆ. ಒಕ್ಕದ (ಮನೆತನದ) ಹೆಸರು ಉಳಿಯುತ್ತದೆ, ಹಬ್ಬಕ್ಕೆ ಬರಲೇಬೇಕು, ಆದರೆ ಒಲೆ ಬೇರೆ. ಆ ಒಲೆ ನಿಜವಾಗಿ ಬೇರೆಯಾಗಿದೆಯೋ, ಇಲ್ಲ ದಿನಾ ದೊಡ್ಡಮನೆಯ ಅಡುಗೆಯೇ ಬರುತ್ತಿದೆಯೋ? ಅಭಿಮಾನಿಗಳ ಆಸೆಯೂ ಭಯವೂ ಇರುವುದು ಇಲ್ಲೇ.

ಈ ಪದ್ಧತಿ ಟಿವಿಗಿಂತ ಹಳೆಯದು. ಅಮೆರಿಕದ ರೇಡಿಯೊದಲ್ಲಿ ‘ಫಿಬ್ಬರ್ ಮೆಗೀ ಅಂಡ್ ಮಾಲಿ’ ಎಂಬ ಹಾಸ್ಯ ಕಾರ್ಯಕ್ರಮದ ಪಕ್ಕದ ಮನೆಯವನಿಗೆ 1941ರಲ್ಲಿ ಸ್ವಂತ ಕಾರ್ಯಕ್ರಮ ಸಿಕ್ಕಿತು. ಟಿವಿಯಲ್ಲಿ ಇದು ಜೋರಾಗಿದ್ದು 1970ರ ದಶಕದಲ್ಲಿ. 1971ರ ‘ಆಲ್ ಇನ್ ದ ಫ್ಯಾಮಿಲಿ’ಯಿಂದ 1972ರಲ್ಲಿ ‘ಮಾಡ್’, 1975ರಲ್ಲಿ ‘ದ ಜೆಫರ್ಸನ್ಸ್’ ಹುಟ್ಟಿದವು. ಜೆಫರ್ಸನ್ ಕುಟುಂಬದ ಕಥೆ 11 ಸೀಸನ್ ನಡೆಯಿತು, ತಾಯಿ ಧಾರಾವಾಹಿಗಿಂತ ಜಾಸ್ತಿ.

ಯಾವುದು ಗೆಲ್ಲುತ್ತದೆ, ಯಾವುದು ಸೋಲುತ್ತದೆ ಎಂದು ತಿಳಿಯಲು ಎರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ‘ಚಿಯರ್ಸ್’ನಿಂದ ಬಂದ 1993ರ ‘ಫ್ರೇಜರ್’ ಮತ್ತು ‘ಫ್ರೆಂಡ್ಸ್’ನಿಂದ ಬಂದ 2004ರ ‘ಜೋಯಿ’. ಎರಡೂ ಭಾರಿ ಜನಪ್ರಿಯ ಹಾಸ್ಯ ಧಾರಾವಾಹಿಗಳ ಮಕ್ಕಳು. ಎರಡರಲ್ಲೂ ನಾಯಕ ಊರು ಬಿಡುತ್ತಾನೆ. ಫ್ರೇಜರ್ ಬಾಸ್ಟನ್ ಬಿಟ್ಟು ದೇಶದ ಇನ್ನೊಂದು ತುದಿಯ ಸಿಯಾಟಲ್‌ಗೆ ಹೋದರೆ, ಜೋಯಿ ನ್ಯೂಯಾರ್ಕ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋದ. ಫ್ರೇಜರ್ 11 ಸೀಸನ್ ಓಡಿ 37 ಎಮ್ಮಿ ಪ್ರಶಸ್ತಿ ಗೆದ್ದಿತು. ಜೋಯಿ ಎರಡೇ ಸೀಸನ್‌ಗೆ 2006ರಲ್ಲಿ ನಿಂತುಹೋಯಿತು. ಹಾಗಾದರೆ ಊರು ಬಿಟ್ಟರೆ ಸಾಲದು. ‘ಚಿಯರ್ಸ್’ನ ಬಾರಿನಲ್ಲಿ ಫ್ರೇಜರ್ ಮೊದಲಿಂದಲೂ ಸ್ವಲ್ಪ ಹೊರಗಿನವನು. ಸಿಯಾಟಲ್‌ನಲ್ಲಿ ಅವನಿಗೆ ಅಪ್ಪ ಸಿಕ್ಕಿದ, ತಮ್ಮ ಸಿಕ್ಕಿದ, ಜಗಳಕ್ಕೆ ಹೊಸ ಕಾರಣಗಳು ಸಿಕ್ಕವು. ಜೋಯಿ ಮಾತ್ರ ‘ಫ್ರೆಂಡ್ಸ್’ನ ಉಳಿದ ಐವರ ನಡುವೆ ಕೂತಾಗಲೇ ತಮಾಷೆ. ಅವರನ್ನು ತೆಗೆದರೆ ಉಳಿದದ್ದು ಒಳ್ಳೆಯ ಹುಡುಗ, ಅಷ್ಟೇ.

ಅಪ್ಪನ ವಿಷಯದಲ್ಲಿ ಒಂದು ಎಡವಟ್ಟೂ ಇತ್ತು. ‘ಚಿಯರ್ಸ್’ನಲ್ಲಿ ಫ್ರೇಜರ್ ತನ್ನ ಅಪ್ಪ ತೀರಿಹೋಗಿದ್ದಾನೆ, ವಿಜ್ಞಾನಿಯಾಗಿದ್ದ ಎಂದಿದ್ದ. ಹೊಸದರಲ್ಲಿ ನೋಡಿದರೆ ಅಪ್ಪ ಜೀವಂತ, ಅದೂ ನಿವೃತ್ತ ಪೊಲೀಸ್. ಅಭಿಮಾನಿಗಳು ಇಂಥದ್ದನ್ನು ಬಿಡುತ್ತಾರಾ? 1995ರಲ್ಲಿ ಹಳೆಯ ಗೆಳೆಯ ಸ್ಯಾಮ್ ಬಂದು ಅದನ್ನೇ ಕೇಳಿದ. ಅಪ್ಪನ ಜೊತೆ ಜಗಳವಾಗಿತ್ತು, ಸಿಟ್ಟಿನಲ್ಲಿ ಹಾಗೆ ಹೇಳಿದ್ದೆ ಎಂದು ಫ್ರೇಜರ್ ಒಪ್ಪಿಕೊಂಡ. ತಪ್ಪು ಮುಚ್ಚಿಡದೆ ಕಥೆಯೊಳಗೇ ಸರಿ ಮಾಡಿದ್ದು ನನಗೆ ಇಷ್ಟವಾಯಿತು. ನಮ್ಮ ಧಾರಾವಾಹಿಗಳಲ್ಲಿ ಸತ್ತವರು ಎದ್ದು ಬಂದಾಗ ಇಷ್ಟು ಮರ್ಯಾದೆಯೂ ಸಿಗುವುದಿಲ್ಲ.

ಹಿಂದಿನ ಕಾಲಕ್ಕೆ ಹೋಗುವ ಕಥೆಗಳದು ಬೇರೆಯೇ ಸಮಸ್ಯೆ. ಕೊನೆ ಎಲ್ಲರಿಗೂ ಗೊತ್ತು. ಆದರೂ ‘ಬ್ರೇಕಿಂಗ್ ಬ್ಯಾಡ್’ಗಿಂತ ಹಿಂದಿನ ಕಥೆ ಹೇಳುತ್ತಾ 2015ರಿಂದ 2022ರವರೆಗೆ ಬಂದ ‘ಬೆಟರ್ ಕಾಲ್ ಸಾಲ್’ ಜನರನ್ನು ಹಿಡಿದಿಟ್ಟಿತು. ‘ಬ್ರೇಕಿಂಗ್ ಬ್ಯಾಡ್’ನಲ್ಲಿ ಎಲ್ಲೂ ಕಾಣದ ಕಿಮ್ ವೆಕ್ಸ್‌ಲರ್ ಇಲ್ಲಿದ್ದಳು. ಮುಂದೆ ಕಾಣುವುದಿಲ್ಲ ಎಂದರೆ ಸಾಯುತ್ತಾಳಾ, ಓಡಿಹೋಗುತ್ತಾಳಾ? ಇಂಥ ಭಯ ಇದ್ದರೆ ಧಾರಾವಾಹಿಗೆ ಒಳ್ಳೆಯದೇ.

‘ಗೇಮ್ ಆಫ್ ಥ್ರೋನ್ಸ್’ ಅಭಿಮಾನಿಗಳ ಭಯ ಅಂಥದ್ದಲ್ಲ. 2019ರ ಕೊನೆಯ ಸೀಸನ್ ನೋಡಿ ಸಿಟ್ಟಾದವರು ಅದನ್ನು ಹೊಸದಾಗಿ ಚಿತ್ರೀಕರಿಸಿ ಎಂದು ಮನವಿ ಹೊರಡಿಸಿದರು. ಹತ್ತು ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ಅದೇ ವರ್ಷ ಅದರ ಚಾನೆಲ್ ಎಚ್‌ಬಿಒ ಒಂದು ಸ್ಪಿನ್‌ಆಫ್‌ನ ಮೊದಲ ಕಂತು ಚಿತ್ರೀಕರಿಸಿ ಅದನ್ನು ಕೈಬಿಟ್ಟಿತು. ಬದಲಿಗೆ ಘೋಷಿಸಿದ ‘ಹೌಸ್ ಆಫ್ ದ ಡ್ರ್ಯಾಗನ್’ 2022ರಲ್ಲಿ ಬಂತು. ಸಿಟ್ಟಾದವರೂ ನೋಡಿದರು. ಮೊದಲ ರಾತ್ರಿಯೇ ಅಮೆರಿಕದಲ್ಲಿ ಸುಮಾರು 1 ಕೋಟಿ ಪ್ರೇಕ್ಷಕರು! ಎರಡನೇ ಸೀಸನ್ ಆದ ಮೇಲೆ, 2024ರ ಸೆಪ್ಟೆಂಬರ್‌ನಲ್ಲಿ, ಮೂಲ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಅವರೇ ಬೇಸರ ತೋಡಿಕೊಂಡರು. ಒಬ್ಬ ಪುಟ್ಟ ರಾಜಕುಮಾರನ ಪಾತ್ರವನ್ನು ಕೈಬಿಟ್ಟರೆ ಮುಂದೆ ಏನೇನೆಲ್ಲ ಕುಸಿಯುತ್ತದೆ ಎಂದು ತಮ್ಮ ಬ್ಲಾಗ್‌ನಲ್ಲಿ ಬರೆದರು, ಆಮೇಲೆ ಆ ಬರಹವನ್ನೇ ತೆಗೆದುಹಾಕಿದರು. ಕಥೆ ಬರೆದವರಿಗೇ ಹೀಗಾದರೆ ವಿರಾಜಪೇಟೆಯಲ್ಲಿ ನಡುರಾತ್ರಿ ಫೋನ್ ಹಿಡಿದು ಕೂತ ಹುಡುಗನ ಆತಂಕವನ್ನು ಹುಚ್ಚು ಎನ್ನಲಾಗುವುದಿಲ್ಲ.

ಕನ್ನಡದಲ್ಲಿ ಇದು ಮೊದಲು ಬೇರೆ ದಾರಿಯಲ್ಲಿ ಬಂತು. ಟಿ. ಎನ್. ಸೀತಾರಾಮ್ ಅವರ ವಕೀಲ ಸಿ.ಎಸ್.ಪಿ. ‘ಮುಕ್ತ’ದಿಂದ ‘ಮುಕ್ತ ಮುಕ್ತ’ಕ್ಕೆ, ಅಲ್ಲಿಂದ 2018ರ ‘ಮಗಳು ಜಾನಕಿ’ಗೆ ಬಂದ. ಮನೆಗಳು ಬೇರೆ, ಸಮಸ್ಯೆಗಳು ಬೇರೆ, ಕೋರ್ಟಿನಲ್ಲಿ ನಿಲ್ಲುವವನು ಮಾತ್ರ ಅವನೇ. ಹಿಂದಿನದು ನೋಡದವರಿಗೂ ಕಥೆ ತಿಳಿಯುತ್ತಿತ್ತು, ನೋಡಿದವರಿಗೆ ಗುರುತಿನವರು ಸಿಕ್ಕ ಖುಷಿ. ನನ್ನ ಮಟ್ಟಿಗೆ ಕನ್ನಡದಲ್ಲಿ ಈ ಕೆಲಸ ಚೆನ್ನಾಗಿ ಆಗಿದ್ದು ಇಲ್ಲೇ. 1998ರ ‘ಮಾಯಾಮೃಗ’ದ ಮುಂದಿನ ತಲೆಮಾರಿನ ಕಥೆ 2022ರಲ್ಲಿ ‘ಮತ್ತೆ ಮಾಯಾಮೃಗ’ವಾಗಿಯೂ ಬಂತು.

ಈಗಿನ ದಾರಿಯ ಹಿಂದೆ ಇರುವುದು ಟಿಆರ್‌ಪಿ ಲೆಕ್ಕ. ಹೊಸ ಧಾರಾವಾಹಿಗೆ ಪ್ರೋಮೊ ಹಾಕಿ, ಮುಖ ಪರಿಚಯಿಸಿ, ಜನ ಕೂರುವ ತನಕ ಕಾಯಬೇಕು. ಗೊತ್ತಿರುವ ತಂಗಿಯನ್ನು ಬೇರೆ ಮಾಡಿದರೆ ಪ್ರೇಕ್ಷಕರು ಮೊದಲ ದಿನವೇ ಇರುತ್ತಾರೆ. ಹಿಂದಿಯ 2014ರ ‘ಕುಂಕುಮ್ ಭಾಗ್ಯ’ದಿಂದ 2017ರಲ್ಲಿ ‘ಕುಂಡಲಿ ಭಾಗ್ಯ’ ಹೊರಟಾಗಲೂ ಅಕ್ಕ-ತಂಗಿಯರೇ ಇದ್ದರು. ಕನ್ನಡದ ‘ಪುಟ್ಟಗೌರಿ ಮದುವೆ’ ಮುಗಿಯುವಾಗ 2018ರಲ್ಲಿ ‘ಮಂಗಳಗೌರಿ ಮದುವೆ’ ಹೊರಟಿತು. ತಾಯಿ, ಮಗಳು ಎರಡೂ ಒಟ್ಟಿಗೆ ಓಡುವಾಗ ಚಾನೆಲ್ ಬಳಿ ಇನ್ನೊಂದು ಅಸ್ತ್ರವಿದೆ, ಮಹಾಸಂಗಮ. ಎರಡನ್ನೂ ಸೇರಿಸಿ ಒಂದು ಗಂಟೆ ಮಾಡುತ್ತಾರೆ. ಒಂದನ್ನು ಮಾತ್ರ ನೋಡುವವರು ಇನ್ನೊಂದನ್ನೂ ನೋಡಲೇಬೇಕು. ಹಬ್ಬಕ್ಕೆ ದೊಡ್ಡಮನೆಗೆ ಹೋಗುವುದು ಸರಿ, ಆದರೆ ತಿಂಗಳಿಗೊಂದು ಹಬ್ಬವಾದರೆ ಬೇರೆ ಮನೆ ಮಾಡಿದ್ದು ಯಾಕೆ? ಜನವರಿಯಿಂದ ರೋಬಸ್ಟಾ ಕಾಫಿ ಕೊಯ್ಲು ನಡೆಯುವಾಗ ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಹೆಂಗಸರಿಗೆ ಅರ್ಧ ಗಂಟೆ ಬಿಡುವು ಸಿಗುವುದೇ ಹೆಚ್ಚು. ಅವರ ಹತ್ತಿರ ಚಾನೆಲ್ ಒಂದು ಗಂಟೆ ಕೇಳುತ್ತದೆ.

ಇಷ್ಟೆಲ್ಲ ಗೊಣಗಿದರೂ ಆಸೆ ಇದ್ದೇ ಇದೆ. ಧಾರಾವಾಹಿ ಜೋಡಿಗಳು ಹನಿಮೂನ್‌ಗೆ ಕೊಡಗಿಗೆ ಬರುತ್ತಾರೆ. ರಾಜಾಸೀಟ್, ಅಬ್ಬಿ ಜಲಪಾತ, ಮಂಜಿನಲ್ಲಿ ಒಂದು ಹಾಡು, ಆಮೇಲೆ ಬೆಂಗಳೂರಿನ ಬಂಗಲೆಗೆ ವಾಪಸ್. ಇಲ್ಲೇ ಉಳಿಯುವವರು ಯಾರೂ ಇಲ್ಲ. ಫ್ರೇಜರ್ ಸಿಯಾಟಲ್‌ಗೆ ಹೋದ ಹಾಗೆ ಯಾರಾದರೂ ನಾದಿನಿಯೋ ಓರಗಿತ್ತಿಯೋ ಅಲ್ಲಿಂದ ಹೊರಟು ಸೋಮವಾರಪೇಟೆಗೋ ಪೊನ್ನಂಪೇಟೆಗೋ ಬರಲಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಎಲ್ಲ ಕೇಳುವ ಸಂತೆಯಲ್ಲಿ ಅವಳಿಗೆ ಹೊಸ ನೆಂಟರು ಸಿಗಲಿ, ಕಾಫಿ ರೇಟು ಬಿದ್ದ ವರ್ಷ ಮನೆಯಲ್ಲಿ ಜಗಳ ಆಗಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಾಂಗಣ ಚಿತ್ರೀಕರಣ ಎಂದರೆ ನಿರ್ಮಾಪಕರಿಗೆ ಚಳಿಜ್ವರ ಬರುತ್ತದೆ, ಗೊತ್ತು. ಅಂಥ ಧಾರಾವಾಹಿ ಬಂದರೂ ನನ್ನ ಭಯ ಹೋಗುವುದಿಲ್ಲ. ಬೆಳಗ್ಗೆ ಕಡಂಬಿಟ್ಟು (ಅಕ್ಕಿ ಕಡುಬು) ತಿನ್ನಲು ಕೂತ ಮಾವ ಮದುವೆ, ಹಬ್ಬಕ್ಕೆ ತೊಡುವ ಕುಪ್ಯಚೇಲೆ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡು, ಕೈಯಲ್ಲಿ ಕೋವಿ ಹಿಡಿದು ಸೊಸೆಗೆ ಚಟ್ನಿ ಕೇಳುತ್ತಾನೆ.