ಗದೆ ಕೊಳ್ಳುವ ಮುನ್ನ ಹಿಡಿಯ ಉದ್ದ ಅಳೆಯಿರಿ

ಜಿಮ್ಮಿನಲ್ಲಿ 15 ಕೆಜಿ ಡಂಬೆಲ್ ಸಲೀಸಾಗಿ ಎತ್ತುವವರು ಆನ್‌ಲೈನಿನಲ್ಲಿ ಗರಡಿಯಲ್ಲಿ ಬೀಸುವಂಥ 8 ಕೆಜಿ ಗದೆ ತರಿಸಿಕೊಂಡು, ಮೂರನೇ ವಾರಕ್ಕೆ ಮೊಣಕೈ ಹಿಡಿದುಕೊಂಡು ಫಿಸಿಯೋಥೆರಪಿಗೆ ಬರುವುದು ಬೆಂಗಳೂರಿನಲ್ಲಿ ಈಗ ಅಪರೂಪವಲ್ಲ. ‘ಡಂಬೆಲ್‌ಗಿಂತ ಹಗುರ ಇತ್ತಲ್ಲಾ’ ಅನ್ನುತ್ತಾರೆ. ತಕ್ಕಡಿಯ ಲೆಕ್ಕದಲ್ಲಿ ಹಗುರವೇ.

ಲೆಕ್ಕ ಹೀಗೆ ಹಾಕಿ ನೋಡಿ. ಗದೆಯ ತಲೆ 5 ಕೆಜಿ. ಹಿಡಿದ ಕೈಯಿಂದ ತಲೆಯ ನಡುವಿಗೆ 90 ಸೆಂ.ಮೀ. ಕೋಲನ್ನು ಅಡ್ಡಡ್ಡ ಚಾಚಿದಾಗ ಮಣಿಕಟ್ಟಿನ ಮೇಲೆ ಬೀಳುವ ತಿರುಚು ಬಲ 5 × 0.9, ಅಂದರೆ 4.5 ಕೆಜಿ-ಮೀಟರ್. ಅದೇ 10 ಕೆಜಿ ಡಂಬೆಲ್ ಹಿಡಿದು ಮೊಣಕೈ ಮಡಚಿದರೆ, ಮುಂಗೈ 30 ಸೆಂ.ಮೀ. ಎಂದುಕೊಂಡರೂ ಮೊಣಕೈಗೆ ಬೀಳುವುದು ಹೆಚ್ಚೆಂದರೆ 3. ಮಣಿಕಟ್ಟಿಗಂತೂ ಹೆಚ್ಚುಕಡಿಮೆ ಏನೂ ಇಲ್ಲ, ತೂಕ ಅಂಗೈಯಲ್ಲೇ ಕೂತಿರುತ್ತದೆ. ಇದು ನಿಂತ ಗದೆಯ ಲೆಕ್ಕ. ಬೀಸಿದಾಗ ಇನ್ನೂ ಏರುತ್ತದೆ. ಜಿಮ್ಮಿನ ತೋಳಿನ ಮಾಂಸಖಂಡ ಇದನ್ನು ತಡೆದೀತು. ಆದರೆ ಅದನ್ನು ಮೂಳೆಗೆ ಕಟ್ಟಿರುವ ಟೆಂಡನ್‌ಗೆ ಈ ತಿರುಚು ಹೊಸದು. ಮಾಂಸಖಂಡ ವಾರಗಳಲ್ಲಿ ಬಲಿಯುತ್ತದೆ, ಟೆಂಡನ್ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ನೋವು ಹುಟ್ಟುವುದು ಈ ಅಂತರದಲ್ಲಿ.

ಹಾಗಾಗಿ ಮೊದಲ ಗದೆಯ ತಲೆ 2ರಿಂದ 3 ಕೆಜಿ ಸಾಕು. ಕೋಲಿನ ತುದಿ ಹಿಡಿಯಬೇಡಿ. ಕೈಯಿಂದ ತಲೆಗೆ 60 ಸೆಂ.ಮೀ. ಉಳಿಯುವಂತೆ ಮೇಲೆ ಹಿಡಿಯಿರಿ. ಮೊದಲು ಎಣಿಕೆ ಹೆಚ್ಚಿಸಿ, ಆಮೇಲೆ ಕೈಯನ್ನು ಹತ್ತು ಸೆಂಟಿಮೀಟರ್ ಕೆಳಗಿಳಿಸಿ, ತೂಕದ ಮಾತು ಕಡೆಗೆ. ವಾರಕ್ಕೆ ಮೂರು ದಿನ, ಒಂದೊಂದು ಭುಜಕ್ಕೆ ಹತ್ತರಂತೆ ಮೂರು ಸುತ್ತು. ಆರು ವಾರ ತೂಕ ಬದಲಿಸುವ ಯೋಚನೆಯೇ ಬೇಡ.

ಬೀಸುವ ರೀತಿ: ಪಾದಗಳು ಭುಜದಗಲ, ಎರಡೂ ಕೈಯಲ್ಲಿ ಗದೆ ಹೊಟ್ಟೆಯ ಮುಂದೆ ನೆಟ್ಟಗೆ. ಬಲಭುಜದ ಮೇಲಿಂದ ಹಿಂದಕ್ಕೆ ಬಿಡಿ. ಗದೆಯ ತಲೆ ಬೆನ್ನ ಹಿಂದೆ ಜೋತು ಬೀಳಲಿ, ಮೊಣಕೈಗಳು ಕಿವಿಯ ಪಕ್ಕದಲ್ಲಿ ಮೇಲ್ಮುಖವಾಗಿರಲಿ. ಗದೆ ಗಡಿಯಾರದ ಲೋಲಕದಂತೆ ತಾನಾಗಿ ಎಡಕ್ಕೆ ತೂಗುತ್ತದೆ. ತೀರ ಕೆಳಗಿಳಿದು ಎಡಕ್ಕೆ ಏರತೊಡಗಿದ ಆ ಗಳಿಗೆಯಲ್ಲಿ ಉಸಿರು ಬಿಡುತ್ತ ಎಡಭುಜದ ಮೇಲಿಂದ ಮುಂದಕ್ಕೆ ಎಳೆದು, ಹೊಟ್ಟೆಯ ಮುಂದೆ ಒಂದು ಉಸಿರಿನಷ್ಟು ಹೊತ್ತು ಗದೆ ನಿಲ್ಲಿಸಿ. ಅವಸರಪಟ್ಟು ಮೊದಲೇ ಎಳೆದರೆ ಇಡೀ ಭಾರ ಮೊಣಕೈಗೆ. ಕೋಲು ಬೆನ್ನಿಗೆ ತಾಗುತ್ತಿದ್ದರೆ ಮೊಣಕೈ ಕೆಳಗಿಳಿದಿದೆ ಎಂದರ್ಥ. ಗದೆ ಹಿಂದೆ ಹೋದಾಗ ಸೊಂಟ ಬಿಲ್ಲಿನಂತೆ ಬಾಗಿದರೆ, ಅದು ನಿಮಗೆ ಭಾರವಾಯಿತು. ಮುಲಾಜಿಲ್ಲದೆ ಚಿಕ್ಕದಕ್ಕೆ ಇಳಿಯಿರಿ.

ಮನೆಯೊಳಗೆ ಬೇಡ, ಮಹಡಿಯ ಮೇಲೂ ಪಕ್ಕದ ಮನೆಯ ನೀರಿನ ಟ್ಯಾಂಕ್ ಎಷ್ಟು ದೂರವಿದೆ ನೋಡಿಕೊಳ್ಳಿ. ಬಿದಿರು ಕೋಲಿನ ಗದೆಯಾದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಿಶೇಷ ಎಚ್ಚರ. ನಮ್ಮೂರಿನ ಒಣಹವೆಗೆ ಬಿದಿರು ಕುಗ್ಗಿ ತಲೆ ಸಡಿಲವಾಗುತ್ತದೆ. ದಿನಾ ಬೀಸುವ ಮುನ್ನ ತಲೆಯನ್ನು ಎರಡು ಮಂಡಿಗಳ ನಡುವೆ ಅದುಮಿ ಕೋಲನ್ನು ತಿರುಗಿಸಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಬೆಣೆ ಹೊಡೆಸದೆ ಮುಟ್ಟಬೇಡಿ.

ಗರಡಿಮನೆಯಲ್ಲಿ ಹೊಸ ಹುಡುಗನ ಕೈಗೆ ಗದೆ ಕೊಡುವುದಕ್ಕೆ ಉಸ್ತಾದರು ಆತುರಪಡುವುದಿಲ್ಲ. ಮೊದಲು ದಂಡೆ (ನೆಲಕ್ಕೆ ಕೈಯೂರಿ ಹೊಡೆಯುವ ತಾಲೀಮು), ಬಸ್ಕಿ. ಆಮೇಲೆ ಮುದ್ಗರ (ಬೀಸುವ ಮರದ ದಿಮ್ಮಿ), ಗದೆ. ಮಟ್ಟಿಯಲ್ಲಿ, ಅಂದರೆ ಕುಸ್ತಿಯ ಮಣ್ಣಿನ ಕಣದಲ್ಲಿ, ಜೋಡಿ ಹಿಡಿದು ಸೆಣಸುವುದು ಅದರೊಂದಿಗೇ ನಿಧಾನವಾಗಿ. ತಾಲೀಮನ್ನು ಹೀಗೆ ಬೇರೆ ಬೇರೆ ‘ಶ್ರಮ’ಗಳಾಗಿ ವಿಂಗಡಿಸುವುದು ಈ ನೆಲಕ್ಕೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರಿಗೆ ಭಾರಶ್ರಮ, ಈಜಿನ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಂದೆಲ್ಲ ಹೇಳಿದೆ. ಬೆಂಗಳೂರು ಪೇಟೆಯ ಗರಡಿಗಳು ಕುಸ್ತಿಗಷ್ಟೇ ಸೀಮಿತವೂ ಅಲ್ಲ; ಕರಗದ ಉತ್ಸವದಲ್ಲಿ ಕತ್ತಿ ಹಿಡಿದು ಸಾಗುವ ವೀರಕುಮಾರರಿಗೂ ಗರಡಿಗೂ ಇರುವ ನಂಟು ತಿಗಳರಪೇಟೆಯಲ್ಲಿ ಯಾರನ್ನು ಕೇಳಿದರೂ ಗೊತ್ತು.

ದಂಡೆಯಲ್ಲಿ ಕೆಡುವುದು ಕಡಿಮೆ. ಸೊಂಟ ಎತ್ತಿ ಶುರು, ಎದೆ ನೆಲ ಸವರಿಕೊಂಡು ಮುಂದೆ ಹೋಗಿ ಮೇಲೇಳಬೇಕು. ಮೇಲೆದ್ದಾಗ ಸೊಂಟ ಜೋಲು ಬಿಟ್ಟರೆ ಬೆನ್ನು ಹಿಡಿಯುತ್ತದೆ, ಅಷ್ಟೇ. ಅಪಾಯವಿರುವುದು ಬಸ್ಕಿಯಲ್ಲಿ. ಕೂತಾಗ ಹಿಮ್ಮಡಿ ಏಳುವುದು ಬಸ್ಕಿಯ ಸಹಜ ಲಕ್ಷಣ. ಹಿಮ್ಮಡಿ ಎತ್ತಬಾರದೆಂಬ ಜಿಮ್ಮಿನ ಸ್ಕ್ವಾಟ್ ನಿಯಮ ಇಲ್ಲಿಗೆ ಹೊಂದುವುದಿಲ್ಲ. ಆದರೆ ಮಂಡಿಚಿಪ್ಪಿನ ಮೇಲೆ ಒತ್ತಡ ಹೆಚ್ಚು. ಮಂಡಿನೋವು ಇರುವವರು ಕುರ್ಚಿಯ ಎತ್ತರದವರೆಗೆ ಕೂತು ಎದ್ದರೆ ಸಾಕು.

ಅದಕ್ಕಿಂತ ದೊಡ್ಡ ತೊಂದರೆ ಎಣಿಕೆಯ ಹುಚ್ಚು. ಪೈಲ್ವಾನರು ಸಾವಿರ ಹೊಡೆಯುತ್ತಿದ್ದರು ಎಂದು ಕೇಳಿ, ಮೊದಲ ದಿನವೇ ಗೆಳೆಯರ ಪಂಥಕ್ಕೆ ಬಿದ್ದು ಮುನ್ನೂರು ಬಸ್ಕಿ ಹೊಡೆದವರ ತೊಡೆಯ ಸ್ನಾಯು ಒಡೆದು, ಅದರೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಬಹುದು. ಅದನ್ನು ಸೋಸಲು ಹೋಗಿ ಕಿಡ್ನಿ ಕಟ್ಟಿಕೊಳ್ಳಬಹುದು. ಒಂದೆರಡು ದಿನದಲ್ಲಿ ತೊಡೆ ಊದಿ ಕಲ್ಲಿನಂತಾಗುವುದು, ಮೆಟ್ಟಿಲು ಇಳಿಯಲಾಗದಿರುವುದು, ಮೂತ್ರ ಹಾಲಿಲ್ಲದ ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುವುದು ಇದರ ಗುರುತು. ಮೂತ್ರದ ಬಣ್ಣ ಕಂಡೊಡನೆ ಆಸ್ಪತ್ರೆಗೆ ಹೋಗಬೇಕು, ನೋವಿನ ಮಾತ್ರೆ ನುಂಗಿ ಮಲಗಬಾರದು. ಅಂಥ ಕೆಲವು ಮಾತ್ರೆಗಳು ಕಿಡ್ನಿಗೆ ಇನ್ನಷ್ಟು ಏಟು ಕೊಡುತ್ತವೆ. ಮೊದಲ ವಾರ ದಂಡೆ ಐದರಂತೆ ಮೂರು ಸುತ್ತು, ಬಸ್ಕಿ ಅದರ ಎರಡರಷ್ಟು. ಮಾರನೆಯ ದಿನ ಮೆಟ್ಟಿಲು ಹತ್ತುವಾಗ ಕಾಲು ನಡುಗದಿದ್ದರೆ ಮಾತ್ರ ಮುಂದಿನ ವಾರ ಏರಿಸಿ.

ಇನ್ನು ಮಟ್ಟಿ. ಜರಡಿ ಹಿಡಿದ ಕೆಮ್ಮಣ್ಣು, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ, ಕರ್ಪೂರ. ಪ್ರಮಾಣ ಗರಡಿಯಿಂದ ಗರಡಿಗೆ ಬೇರೆ. ಮುಷ್ಟಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟು ಬೆರಳಿನಿಂದ ತಟ್ಟಿದರೆ ಉದುರಬೇಕು. ಉಂಡೆಯಾಗದಿದ್ದರೆ ದೂಳು ಎದೆಗೆ ಹೋಗುತ್ತದೆ. ಉದುರದಿದ್ದರೆ ಕಾಲು ಸಿಕ್ಕಿಕೊಂಡು ಮಂಡಿ ತಿರುಚುತ್ತದೆ. ಅಭ್ಯಾಸಕ್ಕೆ ಮುನ್ನ ಗುದ್ದಲಿಯಿಂದ ಅಗೆದು ಸಡಿಲ ಮಾಡಲೇಬೇಕು. ಹೊಸಬರಿಗೆ ಆ ಕೆಲಸ ಹಚ್ಚುವುದು ಸುಮ್ಮನಲ್ಲ, ಸೊಂಟಕ್ಕೆ ಅದಕ್ಕಿಂತ ಒಳ್ಳೆಯ ತಾಲೀಮಿಲ್ಲ. ಹೊಸದಾಗಿ ಅಖಾಡ ಮಾಡುವವರು ಕಟ್ಟಡದ ಪಾಯ ತೋಡಿದ ಮಣ್ಣನ್ನು ಪುಕ್ಕಟೆ ಸಿಕ್ಕಿತೆಂದು ಹಾಕಿಸಬೇಡಿ. ಅದರಲ್ಲಿ ಗಾಜು, ಮೊಳೆ, ಟೈಲ್ಸ್ ಚೂರು ಖಂಡಿತ. ಎಲ್ಲಿಯ ಮಣ್ಣಾದರೂ ಜರಡಿ ಹಿಡಿದ ಮೇಲೆ ಒಮ್ಮೆ ದೊಡ್ಡ ಅಯಸ್ಕಾಂತ ಆಡಿಸಿ. ಕಲಿಯುವವರ ಧನುರ್ವಾಯು (ಟೆಟನಸ್) ಚುಚ್ಚುಮದ್ದು ಹತ್ತು ವರ್ಷಕ್ಕಿಂತ ಹಳೆಯದಾಗಿರಬಾರದು.

ಅರಿಶಿನ ಇದೆ, ಚರ್ಮರೋಗ ಬರುವುದಿಲ್ಲ ಎಂಬ ನಂಬಿಕೆ ಮಾತ್ರ ಬಿಡಬೇಕು. ಗಜಕರ್ಣ ಮೈಯಿಂದ ಮೈಗೆ ಹಬ್ಬುತ್ತದೆ, ಮಣ್ಣಿನ ಅರಿಶಿನ ಅದನ್ನು ತಡೆಯದು. ಉಂಗುರದಂಥ ಕೆಂಪು ಮಚ್ಚೆ ಇದ್ದವರು ವಾಸಿಯಾಗುವವರೆಗೆ ಜೋಡಿ ಹಿಡಿಯಬಾರದು. ಲಂಗೋಟಿ ದಿನಾ ಒಗೆದು ಬಿಸಿಲಿಗೆ ಒಣಗಿಸಬೇಕು. ಮೆಡಿಕಲ್ ಶಾಪಿನ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ಎರಡು ದಿನ ನಿಂತು ಮಚ್ಚೆ ದುಪ್ಪಟ್ಟಾಗುತ್ತದೆ.

ಜೋಡಿ ಹಿಡಿದಾಗ ಕಿವಿ ಉಜ್ಜಿ ಊದಿಕೊಂಡರೆ, ಮುಟ್ಟಿ ನೋಡಿ. ಮೆತ್ತಗಿದ್ದರೆ ಒಳಗೆ ರಕ್ತ ಕಟ್ಟಿದೆ. ಅದೇ ದಿನ, ತಡವೆಂದರೆ ಮಾರನೆಯ ದಿನ, ಕಿವಿ-ಮೂಗು-ಗಂಟಲು ವೈದ್ಯರಲ್ಲಿ ಆ ರಕ್ತ ತೆಗೆಸಿ, ಒತ್ತಿ ಪಟ್ಟಿ ಕಟ್ಟಿಸಿಕೊಳ್ಳಿ. ವಾರಗಟ್ಟಲೆ ಬಿಟ್ಟರೆ ಅದು ಒಳಗೇ ಗಟ್ಟಿಯಾಗುತ್ತದೆ. ಆಮೇಲೆ ಸೂಜಿಗೆ ಸಿಗುವಂಥದ್ದು ಏನೂ ಉಳಿದಿರುವುದಿಲ್ಲ.