ಬೀಗದ ಕೈ ಕೊಡುವ ಮೊದಲೇ ಮುಗಿಯಬೇಕಾದ ಲೆಕ್ಕ

ಅಲ್ಪಾವಧಿಗೆ ಮನೆ ಬಾಡಿಗೆ ಕೊಡುವ ಹೋಸ್ಟ್‌ಗಳು ನನ್ನ ಬಳಿ ತರುವ ತಕರಾರುಗಳಲ್ಲಿ ಎರಡು ಪದೇ ಪದೇ ಬರುತ್ತವೆ. ಇಬ್ಬರಿಗೆಂದು ಬುಕ್ ಮಾಡಿದ್ದರು, ಬಂದವರು ಐದು ಜನ ಎಂಬುದು ಒಂದು. ಬಂದವರು ಇಬ್ಬರೇ, ಆದರೆ ಮೂರು ಕೋಣೆಗಳ ಹಾಸಿಗೆಯನ್ನೂ ಬಳಸಿ ಹೋಗಿದ್ದಾರೆ ಎಂಬುದು ಇನ್ನೊಂದು. ಎರಡರಲ್ಲೂ ಕೊನೆಗೆ ಕೇಳುವ ಪ್ರಶ್ನೆ ಒಂದೇ: "ಹೆಚ್ಚುವರಿ ಹಣ ಕೇಳಬಹುದಾ?" ಉತ್ತರ ಹೇಳುವ ಮೊದಲು ನಾನು ಅವರ ಲಿಸ್ಟಿಂಗ್, ಅಂದರೆ ಬುಕಿಂಗ್ ಜಾಲತಾಣದಲ್ಲಿ ಅವರು ಹಾಕಿದ ಮನೆಯ ಜಾಹೀರಾತು ಪುಟ, ತೆರೆದು ಓದುತ್ತೇನೆ. ಅತಿಥಿ ಬಂದ ಮೇಲೆ ಏನು ಮಾಡಿದರು ಎನ್ನುವುದಕ್ಕಿಂತ, ಹಣ ಕಟ್ಟುವಾಗ ಅವರ ಕಣ್ಣಿಗೆ ಏನು ಬಿದ್ದಿತ್ತು ಎನ್ನುವುದರ ಮೇಲೆ ಉತ್ತರ ನಿಂತಿರುತ್ತದೆ.

ಮೊದಲ ತಕರಾರಿನಲ್ಲಿ ನ್ಯಾಯ ಸಾಮಾನ್ಯವಾಗಿ ಹೋಸ್ಟ್ ಕಡೆಗಿರುತ್ತದೆ. ಎರಡನೆಯದರಲ್ಲಿ ಹೆಚ್ಚಿನ ಸಲ ಇರುವುದಿಲ್ಲ. ಮೂರು ಬೆಡ್‌ರೂಮಿನ ಪೂರ್ತಿ ಮನೆ ಎಂದು ಜಾಹೀರು ಮಾಡಿ, ಮೂರರ ಫೋಟೋ ಹಾಕಿ, ಒಂದು ದರ ತೋರಿಸಿ ಹಣ ಪಡೆದ ಮೇಲೆ ಮೂರು ಕೋಣೆಗಳನ್ನೂ ಮಾರಿಯಾಗಿದೆ. ಇಬ್ಬರು ಗೆಳೆಯರು ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಮಲಗಿದರೆ ಅವರು ಕೊಂಡದ್ದನ್ನೇ ಬಳಸಿದ್ದಾರೆ. "ಇಬ್ಬರಿಗೆ ಒಂದು ಕೋಣೆ ಸಾಕಲ್ಲವಾ" ಎಂಬುದು ಹೋಸ್ಟ್ ಮನಸ್ಸಿನಲ್ಲಿದ್ದ ಮಾತು, ಒಪ್ಪಂದದಲ್ಲಿದ್ದ ಮಾತಲ್ಲ. ಅದಕ್ಕೆ ಆಮೇಲೆ ಬಿಲ್ ಮಾಡುವುದು ತಪ್ಪು ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಹಾಗಾಗಿ ಮನೆಯನ್ನು ಕೋಣೆಯ ಲೆಕ್ಕದಲ್ಲಿ ಕೊಡುತ್ತೀರೋ, ತಲೆ ಲೆಕ್ಕದಲ್ಲಿ ಕೊಡುತ್ತೀರೋ ಎಂದು ಮೊದಲು ನಿರ್ಧರಿಸಬೇಕು. ಎರಡನ್ನೂ ಅರ್ಧರ್ಧ ಬೆರೆಸಿದ ಲಿಸ್ಟಿಂಗ್‌ನಲ್ಲೇ ಜಗಳ ಹುಟ್ಟುವುದು.

ತಲೆ ಲೆಕ್ಕ ಸುಲಭ. ಮನೆ ಬುಕ್ ಮಾಡುವ ಆನ್‌ಲೈನ್ ಪ್ಲಾಟ್‌ಫಾರ್ಮ್ ಆದ ಏರ್‌ಬಿಎನ್‌ಬಿಯಲ್ಲಿ ಇಂತಿಷ್ಟು ಜನರ ನಂತರ ಪ್ರತಿಯೊಬ್ಬರಿಗೆ ಪ್ರತಿ ರಾತ್ರಿಗೆ ಇಷ್ಟು ಎಂದು ನಮೂದಿಸುವ ಸೌಲಭ್ಯವಿದೆ. ಅತಿಥಿ ಜನರ ಸಂಖ್ಯೆ ಹಾಕುತ್ತಿದ್ದಂತೆ ಮೊತ್ತ ತಾನಾಗಿ ಸೇರಿಕೊಳ್ಳುತ್ತದೆ. ಅಂಥದ್ದೇ ಇನ್ನೊಂದು ಪ್ಲಾಟ್‌ಫಾರ್ಮ್ ಬುಕಿಂಗ್ ಡಾಟ್ ಕಾಮ್‌ನಲ್ಲಿ ಮಕ್ಕಳಿಗೆ, ತೊಟ್ಟಿಲಿಗೆ, ಎಕ್ಸ್‌ಟ್ರಾ ಬೆಡ್‌ಗೆ ಬೇರೆ ಬೇರೆ ದರ ಇಡಬಹುದು. ಮಕ್ಕಳ ಲೆಕ್ಕ ಒಂದೊಂದು ಕಡೆ ಒಂದೊಂದು ಥರ. ಏರ್‌ಬಿಎನ್‌ಬಿಯಲ್ಲಿ 2 ವರ್ಷದೊಳಗಿನ ಕೂಸು ಜನರ ಎಣಿಕೆಗೆ ಬರುವುದಿಲ್ಲ, ಅದಕ್ಕಿಂತ ದೊಡ್ಡ ಮಗು ಬರುತ್ತದೆ. ಇದು ಗೊತ್ತಿಲ್ಲದೆ ಎಳೆಗೂಸಿಗೂ ಹಣ ಕೇಳಿದ ಹೋಸ್ಟ್‌ಗಳಿದ್ದಾರೆ.

ಕೋಣೆ ಲೆಕ್ಕಕ್ಕೆ ಹೋಗುವವರು ಇನ್ನಷ್ಟು ತಯಾರಿ ಮಾಡಿಕೊಳ್ಳಬೇಕು. ಒಂದೇ ಮನೆಯನ್ನು ಒಂದು ಕೋಣೆ ತೆರೆದ ಮನೆ, ಎರಡು ಕೋಣೆ ತೆರೆದ ಮನೆ, ಪೂರ್ತಿ ಮನೆ ಎಂದು ಪ್ರತ್ಯೇಕ ಲಿಸ್ಟಿಂಗ್‌ಗಳಾಗಿ ಹಾಕಿ, ಅವುಗಳ ಕ್ಯಾಲೆಂಡರ್‌ಗಳನ್ನು ಒಂದಕ್ಕೊಂದು ಜೋಡಿಸುವುದು ನನಗೆ ಗೊತ್ತಿರುವ ಅತ್ಯಂತ ಸ್ವಚ್ಛ ದಾರಿ. ಒಂದು ಬುಕ್ ಆದರೆ ಆ ದಿನಗಳಿಗೆ ಉಳಿದವು ಮುಚ್ಚಿಕೊಳ್ಳುತ್ತವೆ. ಒಂದು ಕೋಣೆಯ ಲಿಸ್ಟಿಂಗ್‌ನಲ್ಲಿ ಆ ಒಂದೇ ಕೋಣೆಯ ಫೋಟೋ ಇರಲಿ. "ಉಳಿದ ಎರಡು ಕೋಣೆಗಳಿಗೆ ಬೀಗ ಹಾಕಿರುತ್ತದೆ, ಅಲ್ಲಿ ಬೇರೆ ಯಾರೂ ತಂಗಿರುವುದಿಲ್ಲ" ಎಂಬ ವಾಕ್ಯ ವಿವರಣೆಯ ಮೊದಲಲ್ಲೇ ಬರಲಿ. ಎರಡನೆಯ ಭಾಗ ಬಿಟ್ಟುಹೋದರೆ ಅಪರಿಚಿತರ ಜೊತೆ ಮನೆ ಹಂಚಿಕೊಳ್ಳಬೇಕೇನೋ ಎಂಬ ಭಯ ಅತಿಥಿಗೆ ಬರುತ್ತದೆ. ಮತ್ತೆ, ಬೀಗ ನಿಜವಾಗಿಯೂ ಹಾಕಿರಬೇಕು. ತೆರೆದ ಕೋಣೆಯಲ್ಲಿ ಹಾಸಿಗೆ ಹಾಸಿಟ್ಟು "ಬಳಸಬೇಡಿ" ಎಂದು ಚೀಟಿ ಅಂಟಿಸುವುದು ಅತಿಥಿಯನ್ನು ಇಕ್ಕಟ್ಟಿಗೆ ಸಿಕ್ಕಿಸುವ ಏರ್ಪಾಡು.

ದರ ಎಷ್ಟಿರಬೇಕು ಎಂಬಲ್ಲಿ ಹೆಚ್ಚಿನವರು ಅಂದಾಜಿಗೆ ಬೀಳುತ್ತಾರೆ. ಒಂದು ಕೋಣೆ ಹೆಚ್ಚಿಗೆ ತೆರೆದರೆ ಎರಡು ಬಗೆಯ ಖರ್ಚು ಬರುತ್ತದೆ. ಬೆಡ್‌ಶೀಟ್, ದಿಂಬಿನ ಕವರ್, ಟವೆಲ್ ಒಗೆಸುವುದು, ಬಾತ್‌ರೂಮ್ ತೊಳೆಸುವುದು ಒಂದು ಬುಕಿಂಗ್‌ಗೆ ಒಂದೇ ಸಲ. ವಿದ್ಯುತ್, ಬಿಸಿನೀರು, ಸವಕಳಿ ಪ್ರತಿ ರಾತ್ರಿ. ಮೊದಲನೆಯದು 8 ಅಂಶ, ಎರಡನೆಯದು ರಾತ್ರಿಗೆ 2 ಅಂಶ ಎಂದಿಟ್ಟುಕೊಳ್ಳಿ. ಒಂದು ರಾತ್ರಿ ತಂಗಿದರೆ ನಿಮ್ಮ ಖರ್ಚು 10, ಐದು ರಾತ್ರಿ ತಂಗಿದರೆ 18. ಆದರೆ ರಾತ್ರಿಗೆ 10ರಂತೆ ದರ ಇಟ್ಟಿದ್ದರೆ ಐದು ರಾತ್ರಿಯವರು 50 ಕೊಡುತ್ತಾರೆ. ಹೆಚ್ಚು ದಿನ ಇರುವವರು, ಅಂದರೆ ನಿಮಗೆ ಅತ್ಯಂತ ಕಡಿಮೆ ತೊಂದರೆ ಕೊಡುವವರು, ಈ ಮೊತ್ತ ಕಂಡು ಬೇರೆ ಮನೆ ಹುಡುಕಿಕೊಳ್ಳುತ್ತಾರೆ. ಒಂದು ಸಲದ ಖರ್ಚಿನ ಸರಾಸರಿಯನ್ನು ಕ್ಲೀನಿಂಗ್ ಫೀಗೆ ಸೇರಿಸಿ, ರಾತ್ರಿ ಲೆಕ್ಕದ ಹೆಚ್ಚುವರಿಯನ್ನು ಕಡಿಮೆ ಇಡಿ ಎಂದು ನಾನು ಹೇಳುವುದು ಇದಕ್ಕೇ. ಒಂದು ಸಲ ಕುಳಿತು ಒಗೆತದ ಬಿಲ್, ಕೆಲಸದವರ ಸಮಯ ಎರಡನ್ನೂ ಬರೆದುಕೊಂಡರೆ ಸಾಕು, ಲೆಕ್ಕ ಕಷ್ಟದ್ದಲ್ಲ. ಆ ಹೆಚ್ಚುವರಿಯಿಂದ ಪ್ಲಾಟ್‌ಫಾರ್ಮಿನ ಪಾಲೂ ಹೋಗುತ್ತದೆ ಎಂಬುದನ್ನು ಮರೆಯಬೇಡಿ.

ಶುಲ್ಕವನ್ನು ಎಲ್ಲೋ ಮನೆಯ ನಿಯಮಗಳ ಕೊನೆಯಲ್ಲಿ ಅಡಗಿಸಿಡುವ ಕಾಲ ಮುಗಿಯುತ್ತ ಬಂದಿದೆ. 2025ರ ಏಪ್ರಿಲ್‌ನಿಂದ ಏರ್‌ಬಿಎನ್‌ಬಿ ಹುಡುಕಾಟದ ಪುಟದಲ್ಲೇ, ತೆರಿಗೆ ಬಿಟ್ಟು ಎಲ್ಲ ಶುಲ್ಕ ಸೇರಿದ ಒಟ್ಟು ಬೆಲೆಯನ್ನು ಜಗತ್ತಿನಾದ್ಯಂತ ತೋರಿಸತೊಡಗಿತು. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ 2025ರ ಮೇ 12ರಿಂದ ಜಾರಿಗೆ ಬಂದು, ಅಲ್ಪಾವಧಿ ವಸತಿಗೂ ಕಡ್ಡಾಯ ಶುಲ್ಕಗಳೆಲ್ಲ ಸೇರಿದ ಬೆಲೆಯನ್ನು ಮೊದಲೇ ಹೇಳಬೇಕೆಂದಿತು. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಪ್ರಾಮಾಣಿಕವಾಗಿ ಪೂರ್ತಿ ದರ ಹೇಳುವ ಹೋಸ್ಟ್, ಕಡಿಮೆ ದರ ತೋರಿಸಿ ಆಮೇಲೆ ಸುಲಿಯುವವರ ಪಕ್ಕದಲ್ಲಿ ದುಬಾರಿಯಾಗಿ ಕಾಣುತ್ತಿದ್ದುದು ದೊಡ್ಡ ಅನ್ಯಾಯವಾಗಿತ್ತು.

ಇನ್ನು ಐದು ಜನ ಬಾಗಿಲಲ್ಲಿ ನಿಂತಿರುವ ಹೊತ್ತು. ಆ ಹೊತ್ತು ಬರದಂತೆ ಮಾಡುವುದು ಸಾಧ್ಯ. ಚೆಕ್-ಇನ್‌ಗೆ ಒಂದೆರಡು ದಿನ ಮೊದಲು ಇಷ್ಟು ಬರೆಯಿರಿ: "ನಮಸ್ಕಾರ. ನಿಮ್ಮ ಬುಕಿಂಗ್ ಇಬ್ಬರಿಗೆ, ಒಂದು ಕೋಣೆಗೆ ಇದೆ. ಅಷ್ಟಕ್ಕೆ ಹಾಸಿಗೆ, ಟವೆಲ್ ಸಿದ್ಧಮಾಡುತ್ತಿದ್ದೇವೆ. ಇನ್ನೂ ಯಾರಾದರೂ ಬರುವುದಿದ್ದರೆ ಅಥವಾ ಇನ್ನೊಂದು ಕೋಣೆ ಬೇಕಿದ್ದರೆ ಈಗಲೇ ತಿಳಿಸಿ, ಬುಕಿಂಗ್‌ನಲ್ಲಿ ಸೇರಿಸಿಕೊಡುತ್ತೇವೆ." ಎಷ್ಟೋ ಜನ ಈ ಸಂದೇಶ ನೋಡಿಯೇ "ಅಯ್ಯೋ, ಇನ್ನಿಬ್ಬರನ್ನು ಸೇರಿಸಲು ಮರೆತಿದ್ದೆ" ಎಂದು ಉತ್ತರಿಸುತ್ತಾರೆ. ಸಂಖ್ಯೆ ತಪ್ಪಾಗಿ ಹಾಕಿದವರೆಲ್ಲ ಮೋಸ ಮಾಡಲು ಹೊರಟವರಲ್ಲ. ಹುಡುಕಾಟದಲ್ಲಿ ಮೊದಲೇ ಕಂಡ ಸಂಖ್ಯೆಯನ್ನು ಬದಲಿಸದೆ ಮುಂದುವರಿದವರೂ ಇರುತ್ತಾರೆ.

ಅಷ್ಟಾದರೂ ಹೆಚ್ಚು ಜನ ಬಂದರೆ, ಬೀಗದ ಕೈ ಕೊಡುವ ಮೊದಲೇ ಆ್ಯಪ್‌ನಲ್ಲಿ ಬುಕಿಂಗ್ ಬದಲಾವಣೆಯ ಕೋರಿಕೆ ಕಳಿಸಿ. ಹೊಸ ಮೊತ್ತ ಅಲ್ಲೇ ಕಾಣುತ್ತದೆ, ಅವರು ಒಪ್ಪಿದರೆ ಹಣ ಅಲ್ಲೇ ಪಾವತಿಯಾಗುತ್ತದೆ. ಕೈಯಲ್ಲಿ ನಗದು ಪಡೆಯುವ ಆಸೆ ಬೇಡ. ಪ್ಲಾಟ್‌ಫಾರ್ಮ್ ಹೊರಗೆ ಹಣ ಪಡೆಯುವುದನ್ನು ದೊಡ್ಡ ಪ್ಲಾಟ್‌ಫಾರ್ಮ್‌ಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ಲಿಸ್ಟಿಂಗ್‌ಗೇ ಕುತ್ತು ಬರಬಹುದು. ಮೇಲಾಗಿ ನಾಳೆ ಏನಾದರೂ ಮುರಿದರೆ, ಬುಕಿಂಗ್‌ನಲ್ಲೇ ಇಲ್ಲದ ಮೂವರು ಅಲ್ಲಿದ್ದರು ಎಂಬುದಕ್ಕೆ ನಿಮ್ಮ ಬಳಿ ದಾಖಲೆ ಇರುವುದಿಲ್ಲ. ಅವರು ಒಪ್ಪದಿದ್ದರೆ ಬುಕ್ ಆದಷ್ಟು ಜನರಿಗೆ ಮಾತ್ರ ಜಾಗ ಎಂದು ಸಂದೇಶದಲ್ಲೇ ಬರೆದು, ಪ್ಲಾಟ್‌ಫಾರ್ಮಿನ ಸಹಾಯವಾಣಿಗೆ ಆಗಲೇ ತಿಳಿಸಿ. ಮನೆಯ ಗರಿಷ್ಠ ಮಿತಿ ದಾಟುತ್ತಿದ್ದರೆ ಹಣದ ಮಾತೇ ಬೇಡ. ಬೆಂಕಿ ಬಿದ್ದ ಹೊತ್ತಿನಲ್ಲಿ ಹೊರಹೋಗುವ ದಾರಿಗೆ ಸಂಬಂಧಿಸಿದ ಆ ಮಿತಿಯನ್ನು ಯಾವ ದರಕ್ಕೂ ಸಡಿಲಿಸಬಾರದು.

ಜನರನ್ನು ಎಣಿಸಲು ಒಳಗೆ ಕ್ಯಾಮೆರಾ ಇಡಬಹುದಾ ಎಂದು ಕೇಳುವವರಿಗೆ: ಖಂಡಿತ ಬೇಡ. ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಮನೆಯೊಳಗಿನ ಕ್ಯಾಮೆರಾಗಳನ್ನು ಪೂರ್ತಿ ನಿಷೇಧಿಸಿದೆ. ನಿಷೇಧ ಇರದಿದ್ದರೂ ನನ್ನ ಸಲಹೆ ಬದಲಾಗುತ್ತಿರಲಿಲ್ಲ. ಮುಂಬಾಗಿಲ ಹೊರಗೆ ಇಡುವುದಾದರೆ ಅದು ಎಲ್ಲಿದೆ ಎಂದು ಲಿಸ್ಟಿಂಗ್‌ನಲ್ಲಿ ತಿಳಿಸಿರಬೇಕು. ಹಗಲು ಭೇಟಿಗೆ ಬಂದು ಹೋಗುವವರನ್ನು ರಾತ್ರಿ ತಂಗುವವರೆಂದು ಎಣಿಸಬೇಡಿ. ಭೇಟಿಗೆ ಸಮಯ ಮಿತಿ ಬೇಕೆಂದಿದ್ದರೆ ಅದನ್ನೂ ನಿಯಮದಲ್ಲಿ ಬರೆದಿಡಿ.

ಚೆಕ್‌ಔಟ್ ಆದ ಮೇಲೆ ಕೇಳುವ ಹಣಕ್ಕೆ ಬಲ ಕಡಿಮೆ. ವಸ್ತು ಹಾಳಾಗಿದ್ದರೆ ಏರ್‌ಬಿಎನ್‌ಬಿಯಲ್ಲಿ ಆ ಅತಿಥಿ ಚೆಕ್‌ಔಟ್ ಆದ 14 ದಿನದೊಳಗೆ ಫೋಟೋ, ಬಿಲ್ ಸಮೇತ ಕೋರಿಕೆ ಸಲ್ಲಿಸಬಹುದು. ಹೆಚ್ಚು ಜನ ತಂಗಿದ್ದಕ್ಕೆ, ಅತಿಥಿಯೇ ಸಂದೇಶದಲ್ಲಿ ಒಪ್ಪಿಕೊಂಡ ಮಾತಿದ್ದರೆ ಗಟ್ಟಿಯಾಗಿ ಕೇಳಿ. ಕೈಯಲ್ಲಿರುವುದು ಮುದುಡಿದ ಬೆಡ್‌ಶೀಟಿನ ಫೋಟೋ ಮಾತ್ರ ಆದರೆ ಬಿಟ್ಟುಬಿಡಿ. ಆ ಸಂಜೆಯೇ ಲಿಸ್ಟಿಂಗ್‌ನ ವಾಕ್ಯ ತಿದ್ದಿ, ಕೋಣೆಗೆ ಬೀಗ ತನ್ನಿ. ಹಣ ಕೊಡದಿದ್ದರೆ ಕೆಟ್ಟ ರಿವ್ಯೂ ಬರೆಯುತ್ತೇನೆ ಎಂದು ಮಾತ್ರ ಯಾವತ್ತೂ ಬೆದರಿಸಬೇಡಿ. ಅದು ನಿಯಮಕ್ಕೂ ವಿರುದ್ಧ, ಮರ್ಯಾದೆಗೂ ವಿರುದ್ಧ. ರಿವ್ಯೂನಲ್ಲಿ ನಡೆದದ್ದನ್ನಷ್ಟೇ ಬರೆಯಿರಿ: "ಬುಕ್ ಮಾಡಿದ್ದಕ್ಕಿಂತ ಮೂವರು ಹೆಚ್ಚು ತಂಗಿದ್ದರು, ಬುಕಿಂಗ್ ಬದಲಾವಣೆಗೆ ಒಪ್ಪಲಿಲ್ಲ." ಮುಂದೆ ಅವರಿಗೆ ಮನೆ ಕೊಡುವ ಹೋಸ್ಟ್‌ಗೆ ಬೇಕಾದ ಮಾಹಿತಿ ಅಷ್ಟೇ.