ಹಸಿರು ವೈನ್ ನಿಜವಾಗಿ ಹಸಿರಾ? ಬೇಸಿಗೆ ಊಟಕ್ಕೆ ಪೋರ್ಚುಗಲ್ ವೈನ್

ಓದುಗರ ಪ್ರಶ್ನೆ: ಕೆಲಸದ ಮೇಲೆ ಲಿಸ್ಬನ್‌ಗೆ ಬಂದು ಮೂರು ತಿಂಗಳಾಯಿತು. ಜುಲೈನಲ್ಲಿ ಆಫೀಸಿನವರನ್ನೂ ಇಲ್ಲಿರುವ ಎರಡು ಕನ್ನಡ ಮನೆಯವರನ್ನೂ ಊಟಕ್ಕೆ ಕರೆದಿದ್ದೇವೆ. ಒಟ್ಟು ಹತ್ತು ಜನ. ಅಂಗಡಿಯಲ್ಲಿ ವೈನ್ ಸಾಲು ನೋಡಿದರೆ ತಲೆ ತಿರುಗುತ್ತದೆ. ಈ ಸೆಕೆಗೆ ಯಾವುದು ತರಲಿ? ‘ಹಸಿರು ವೈನ್’ ಅಂತ ಒಂದಿದೆಯಂತಲ್ಲ, ಅದು ನಿಜವಾಗಿ ಹಸಿರಾ?

ಉತ್ತರ: ಹಸಿರಲ್ಲ. ಹಸಿ ಶುಂಠಿ ಹಸಿರಾಗಿರುತ್ತದಾ? ಒಣಗಿಲ್ಲ, ಈಗಷ್ಟೇ ಕಿತ್ತದ್ದು ಅಂತ ಅರ್ಥ, ಅಷ್ಟೇ. ಈ ವೈನಿನ ಹೆಸರೂ ಹಾಗೇ. ಲೇಬಲ್ ನೋಡಿ ನಾವು ‘ವಿನ್ಹೊ ವೆರ್ಡೆ’ ಅಂತ ಓದಿಬಿಡುತ್ತೇವೆ, ಪೋರ್ಚುಗೀಸರ ಬಾಯಲ್ಲಿ ಅದು ‘ವೀನ್ಯು ವೆರ್ದ್’. ವೆರ್ದ್ ಅಂದರೆ ಹಸಿರು ಹೌದು, ಆದರೆ ಇಲ್ಲಿ ಎಳೆಯದು, ಬೇಗ ಕುಡಿದು ಮುಗಿಸಬೇಕಾದದ್ದು ಅನ್ನುವ ಅರ್ಥ. ಬಿಳಿ, ಗುಲಾಬಿ, ಕೆಂಪು, ಮೂರು ಬಣ್ಣದಲ್ಲೂ ಇದು ಸಿಗುತ್ತದೆ.

ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಬ್ರ್ಯಾಂಡ್ ಹೆಸರು, ಚಿನ್ನದ ಪದಕದ ಸ್ಟಿಕ್ಕರ್ ಇವೆಲ್ಲ ಬಿಡಿ. ಬೇಸಿಗೆಗೆ ಬಾಟಲಿಯ ಮೇಲಿನ ಎರಡು ಅಂಕಿ ನೋಡಿದರೆ ಸಾಕು. ಒಂದು ಆಲ್ಕೋಹಾಲ್ ಪ್ರಮಾಣ, ಇನ್ನೊಂದು ವರ್ಷ. ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಮೊದಲ ಬೇಸಿಗೆಯಲ್ಲಿ ಜಾಸ್ತಿ ದುಡ್ಡು ಕೊಟ್ಟು ದಕ್ಷಿಣದ ಅಲೆಂತೇಜು ಸೀಮೆಯ ಕೆಂಪು ವೈನ್ ತಂದು, ಬಾಲ್ಕನಿ ಮೇಜಿನ ಮೇಲೆ ಠೀವಿಯಿಂದ ಇಟ್ಟಿದ್ದೆ. ಶೇಕಡಾ 14.5 ಆಲ್ಕೋಹಾಲ್, ಹೊರಗೆ 36 ಡಿಗ್ರಿ ಬಿಸಿಲು. ಬಂದವರು ಒಂದೊಂದು ಗುಟುಕು ಕುಡಿದರು, ‘ಚೆನ್ನಾಗಿದೆ’ ಅಂದರು, ಆಮೇಲೆ ಎಲ್ಲರೂ ನೀರಿನ ಜಗ್ಗಿಗೇ ಕೈ ಹಾಕಿದರು. ವೈನಿನದ್ದೇನೂ ತಪ್ಪಿಲ್ಲ. ಚಳಿಗಾಲದಲ್ಲಿ ಮಾಂಸದ ಜೊತೆ ಕುಡಿಯುವುದನ್ನು ನಾನು ಜುಲೈನಲ್ಲಿ ತೆಗೆದಿದ್ದೆ.

ಬಿಳಿ ವೀನ್ಯು ವೆರ್ದ್‌ನಲ್ಲಿ ಸಾಮಾನ್ಯವಾಗಿ ಶೇಕಡಾ 9ರಿಂದ 11.5ರವರೆಗೆ ಆಲ್ಕೋಹಾಲ್ ಇರುತ್ತದೆ. ಹುಳಿ ಜಾಸ್ತಿ, ಬಾಯಿಗೆ ಹಗುರ. ಇದಕ್ಕೆ ಕಾರಣ ಅದು ಬರುವ ಜಾಗ. ಪೋರ್ಚುಗಲ್ಲಿನ ವಾಯವ್ಯ ಮೂಲೆ, ಮಿನ್ಯು ಅನ್ನುವ ಸೀಮೆ. ಕಡಲ ಗಾಳಿ, ಮಳೆ, ಎಲ್ಲಿ ನೋಡಿದರೂ ಹಸಿರು, ಹೆಚ್ಚುಕಡಿಮೆ ನಮ್ಮ ಮಲೆನಾಡೇ. ಸೆಕೆ ಕಡಿಮೆ ಇರುವುದರಿಂದ ದ್ರಾಕ್ಷಿಗೆ ಸಕ್ಕರೆ ಅಷ್ಟಾಗಿ ಏರುವುದಿಲ್ಲ. ಸಕ್ಕರೆ ಕಡಿಮೆಯಾದರೆ ರಸ ಹುದುಗಿದಾಗ ಹುಟ್ಟುವ ಆಲ್ಕೋಹಾಲೂ ಕಡಿಮೆ. ಈ ಸೀಮೆಯ ಗಡಿಯನ್ನು ಸರ್ಕಾರ 1908ರಲ್ಲೇ ಗುರುತಿಸಿತು.

ಅಲ್ಲಿನ ಹಳೆಯ ತೋಟಗಳಲ್ಲಿ ದ್ರಾಕ್ಷಿ ಬಳ್ಳಿಯನ್ನು ಮರಕ್ಕೆ ಹಬ್ಬಿಸುತ್ತಿದ್ದರು. ನಮ್ಮಲ್ಲಿ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಬಿಡುವುದಿಲ್ಲವಾ, ಥೇಟ್ ಹಾಗೆ. ಕೆಳಗಿನ ಜಾಗದಲ್ಲಿ ಮೆಕ್ಕೆಜೋಳ, ಕೋಸು. ಹಣ್ಣು ಕೀಳಲು ಏಣಿ ಹತ್ತಬೇಕು. ಹಿಡುವಳಿ ಸಣ್ಣದು, ಊಟಕ್ಕೆ ಬೇಕಾದ ಬೆಳೆಗೆ ಜಾಗ ಉಳಿಯಲಿ ಅನ್ನುವ ಲೆಕ್ಕಾಚಾರ. ಈಗ ಹೆಚ್ಚಿನವರು ತಂತಿಗೆ ಹಬ್ಬಿಸುತ್ತಾರೆ, ಹಳೆಯ ಸಾಲುಗಳು ಅಲ್ಲಲ್ಲಿ ಉಳಿದಿವೆ.

ಗ್ಲಾಸಿಗೆ ಸುರಿದಾಗ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತದೆ, ನಾಲಿಗೆಯ ತುದಿ ಚುರುಕ್ ಅನ್ನುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ. ಹಿಂದೆ ವೈನ್ ಹುದುಗುವುದು ಪೂರ್ತಿ ನಿಲ್ಲುವ ಮೊದಲೇ ಬಾಟಲಿಗೆ ತುಂಬುತ್ತಿದ್ದರು, ಒಳಗೇ ಗ್ಯಾಸ್ ಹುಟ್ಟುತ್ತಿತ್ತು. ಆ ರುಚಿಗೆ ಜನ ಒಗ್ಗಿಹೋಗಿದ್ದರಿಂದ ಈಗ ತುಂಬುವಾಗಲೇ ಚೂರು ಗ್ಯಾಸ್ ಸೇರಿಸುವುದು ಸಾಮಾನ್ಯ.

ಲೇಬಲ್ ಮೇಲೆ ‘ಲೊರೈರು’ ಅಂತ ದ್ರಾಕ್ಷಿಯ ಹೆಸರಿದ್ದರೆ ಹೂವಿನ ಪರಿಮಳ ಇರುತ್ತದೆ, ಹಗುರ. ಮೊದಲ ಸಲಕ್ಕೆ ಇದೇ ನನ್ನ ಆಯ್ಕೆ. ‘ಅಲ್ವಾರಿನ್ಯು’ ಇದ್ದರೆ ಗಟ್ಟಿ, ಬೆಲೆಯೂ ಜಾಸ್ತಿ, ಆಲ್ಕೋಹಾಲ್ ಶೇಕಡಾ 13ರ ಹತ್ತಿರಕ್ಕೂ ಹೋಗಬಹುದು. ಸ್ಪೇನ್ ಗಡಿಯ ಮೊನ್ಸಾಂವ್–ಮೆಲ್ಗಾಸು ಅದರ ತವರು. ಹತ್ತು ಜನರ ಗದ್ದಲಕ್ಕಿಂತ ಇಬ್ಬರು ನೆಮ್ಮದಿಯಾಗಿ ಮೀನು ತಿನ್ನುವಾಗ ಅದು ಚೆಂದ.

ಎರಡನೇ ಅಂಕಿ ವರ್ಷ. ಕೊಯ್ಲು ಸೆಪ್ಟೆಂಬರ್ ಸುಮಾರಿಗೆ, ಹಾಗಾಗಿ ಜುಲೈನಲ್ಲಿ ನಿಮಗೆ ಬೇಕಾದದ್ದು ಹೋದ ವರ್ಷದ ಅಂಕಿ. ಅಗ್ಗದ ಬಾಟಲಿಗಳಲ್ಲಿ ಎಷ್ಟೋ ಸಲ ವರ್ಷವೇ ಇರುವುದಿಲ್ಲ. ಆಗ ಜನ ಜಾಸ್ತಿ ಬರುವ ಅಂಗಡಿಯಿಂದ ತನ್ನಿ. ಕಿಟಕಿಯ ಬಿಸಿಲಿಗೆ ನಿಂತ, ಬಣ್ಣವಿಲ್ಲದ ಗಾಜಿನ ಬಾಟಲಿ ಬೇಡವೇ ಬೇಡ. ಬೆಳಕು ಬಿದ್ದು ರುಚಿ ಕೆಟ್ಟಿರುತ್ತದೆ.

ಇನ್ನು ಊಟ. ಜೂನ್ ಬಂದರೆ ಲಿಸ್ಬನ್ ಗಲ್ಲಿಗಳಲ್ಲಿ ಸಾರ್ಡಿನ್ ಸುಡುವ ಹೊಗೆ. ಅದು ನಮ್ಮ ಕರಾವಳಿಯ ಬೂತಾಯಿಯ ನೆಂಟ. ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬದಲ್ಲಿ ಕೆಂಡದ ಮೇಲಿಂದ ತೆಗೆದ ಮೀನನ್ನು ಬ್ರೆಡ್ ತುಂಡಿನ ಮೇಲಿಟ್ಟು ಕೊಡುತ್ತಾರೆ, ಎಣ್ಣೆಯೆಲ್ಲ ಬ್ರೆಡ್ಡಿಗೆ ಇಳಿಯುತ್ತದೆ. ಕೊನೆಗೆ ಆ ಬ್ರೆಡ್ಡೇ ಮೀನಿಗಿಂತ ರುಚಿ. ಮೀನಿಗೆ ಬಿಳಿ ವೈನೇ ಆಗಬೇಕು ಅನ್ನುವ ನಿಯಮವನ್ನು ಇಲ್ಲಿ ಯಾರೂ ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಸುಟ್ಟ ಸಾರ್ಡಿನ್ ಜೊತೆ ಕೆಂಪು ವೈನ್ ಕುಡಿಯುವವರು ಬೇಕಾದಷ್ಟು ಜನ. ಮಿನ್ಯು ಕಡೆ ಕೆಂಪು ವೀನ್ಯು ವೆರ್ದ್ ಅನ್ನು ಬಿಳಿ ಪಿಂಗಾಣಿ ಬಟ್ಟಲಲ್ಲಿ ಕೊಡುತ್ತಾರೆ. ಶಾಯಿಯಂಥ ಬಣ್ಣ, ಬಟ್ಟಲಿನ ಗೋಡೆಗೆಲ್ಲ ಮೆತ್ತಿಕೊಳ್ಳುತ್ತದೆ. ಬಾಯಿ ಒಗರು ಹಿಡಿಯುವಷ್ಟು ಹುಳಿ. ನನಗಂತೂ ಇಷ್ಟ, ಆದರೆ ಮೊದಲ ಸಲ ಮನೆಗೆ ಬರುವವರಿಗೆ ಕೊಡಲು ಧೈರ್ಯ ಸಾಲದು.

ನಿಮ್ಮ ಮೇಜಿನ ಮೇಲೆ ಚಿತ್ರಾನ್ನ, ಕೋಸಂಬರಿಯೂ ಇರುತ್ತದೆ ಅಲ್ವಾ? ನಿಂಬೆಹುಳಿ ಇರುವ ತಿಂಡಿಯ ಜೊತೆ ಹುಳಿ ಕಡಿಮೆ ಇರುವ ವೈನ್ ಸಪ್ಪೆ ಅನಿಸುತ್ತದೆ. ಅಲ್ಲಿ ‘ಅರಿಂತು’ ದ್ರಾಕ್ಷಿಯ ಬಿಳಿ ವೈನ್ ಸರಿ. ಅದಕ್ಕೆ ಹೆಸರಾದ ಬುಸೆಲಾಶ್ ಊರು ನಿಮಗೆ ಹತ್ತಿರದಲ್ಲೇ ಇದೆ. ಅಂಬೊಡೆ, ಬೋಂಡಾ ಕರಿಯುವುದಾದರೆ ‘ಬೈರಾದ’ ಅನ್ನುವ ಸೀಮೆಯ ನೊರೆ ವೈನ್ ತನ್ನಿ. ಲೇಬಲ್ ಮೇಲೆ ‘ಎಸ್ಪುಮಾಂತ್’ (ನೊರೆ ವೈನ್), ‘ಬ್ರೂತ್’ (ಸಿಹಿ ತೀರಾ ಕಡಿಮೆ) ಅಂತ ಇರುತ್ತದೆ. ಅಲ್ಲಿಯವರು ಅದನ್ನು ಗರಿಗರಿ ಚರ್ಮದ ಹಂದಿಮರಿ ರೋಸ್ಟ್ ಜೊತೆ ಕುಡಿಯುತ್ತಾರೆ. ಜಿಡ್ಡು ತೊಳೆಯುವ ಕೆಲಸ ಎರಡು ಕಡೆಯೂ ಒಂದೇ. ಖಾರದ ಪದಾರ್ಥಕ್ಕೆ ಮಾತ್ರ ಆಲ್ಕೋಹಾಲ್ ಅಂಕಿ ಇನ್ನೂ ಕೆಳಗಿರಲಿ, ಚೂರು ಸಿಹಿ ಇದ್ದರೂ ಒಳ್ಳೆಯದೇ. ಆಲ್ಕೋಹಾಲ್ ಏರಿದಷ್ಟೂ ಮೆಣಸಿನ ಉರಿ ಏರುತ್ತದೆ. ತಮಾಷೆ ನೋಡಿ, ಮೆಣಸಿನಕಾಯಿಯನ್ನು ನಮ್ಮ ಕಡೆಗೆ ತಂದವರೇ ಪೋರ್ಚುಗೀಸರು. ಈಗ ಅದರ ಮುಂದೆ ಅವರ ದೊಡ್ಡ ದೊಡ್ಡ ಕೆಂಪು ವೈನುಗಳೇ ಸೋಲುತ್ತವೆ.

ಬರುವವರಲ್ಲಿ ಶುದ್ಧ ಸಸ್ಯಾಹಾರಿಗಳಿದ್ದರೆ ಇದನ್ನೂ ಗಮನಿಸಿ. ವೈನ್ ತಿಳಿಯಾಗಲು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್, ಕೆಲವೊಮ್ಮೆ ಮೀನಿನ ಗಾಳಿಚೀಲದ ಅಂಟು ಬಳಸುವುದುಂಟು. ಮೊಟ್ಟೆ, ಹಾಲಿನ ಅಂಶ ಉಳಿದಿದ್ದರೆ ಯುರೋಪಿನಲ್ಲಿ ಲೇಬಲ್ ಮೇಲೆ ಹೇಳಲೇಬೇಕು. ಮೀನಿನ ಅಂಟಿಗೆ ಆ ಕಡ್ಡಾಯ ಇಲ್ಲ. ಅಂಥವರಿಗಾಗಿ ‘ವೀಗನ್’ ಗುರುತು ಇರುವ ಬಾಟಲಿ ತಂದುಬಿಟ್ಟರೆ ಗೊಂದಲವೇ ಇಲ್ಲ.

ತಂಪು ಮಾಡುವುದರಲ್ಲೇ ಅರ್ಧ ಗೆಲುವು ಇದೆ. ಬಿಳಿ ವೈನ್ 8ರಿಂದ 10 ಡಿಗ್ರಿ ಇರಲಿ. ಹಗುರ ಕೆಂಪು ವೈನನ್ನೂ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ, ಯಾರೂ ಬೈಯುವುದಿಲ್ಲ. ಮರೆತುಹೋಗಿದ್ದರೆ ಬಕೆಟ್ಟಿಗೆ ಬರೀ ಐಸ್ ಸುರಿಯಬೇಡಿ. ಐಸ್, ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿಯನ್ನು ಕುತ್ತಿಗೆವರೆಗೆ ಮುಳುಗಿಸಿ. ನೀರು ಗಾಜನ್ನು ಸುತ್ತಲೂ ಮುಟ್ಟುತ್ತದೆ, ಉಪ್ಪು ಐಸನ್ನು ಬೇಗ ಕರಗಿಸಿ ಇನ್ನಷ್ಟು ತಣ್ಣಗೆ ಮಾಡುತ್ತದೆ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಗ್ಲಾಸಿಗೆ ಅರ್ಧಕ್ಕಿಂತ ಜಾಸ್ತಿ ಸುರಿಯಬೇಡಿ, ಸೆಕೆಗೆ ಬೇಗ ಬಿಸಿಯಾಗುತ್ತದೆ.

750 ಮಿಲಿಯ ಒಂದು ಬಾಟಲಿಯಲ್ಲಿ ಐದು ಗ್ಲಾಸ್. ಎಲ್ಲರೂ ಕುಡಿಯುವವರಾದರೆ ಹತ್ತು ಜನಕ್ಕೆ ಐದು ಬಾಟಲಿ ಬೇಕಾದಷ್ಟಾಯಿತು: ಮೂರು ಬಿಳಿ, ಒಂದು ನೊರೆ, ಒಂದು ಹಗುರ ಕೆಂಪು.

ನನ್ನ ಎರಡು ಅಂಕಿಯ ಲೆಕ್ಕಕ್ಕೆ ಸಿಗದ ಒಂದು ಪಾನೀಯವೂ ಇದೆ. ಬಿಳಿ ಪೋರ್ಟ್. ಬ್ರಾಂಡಿ ಬೆರೆಸಿ ಮಾಡುವ ವೈನ್ ಆದ್ದರಿಂದ ಶೇಕಡಾ 20ರ ಹತ್ತಿರ ಆಲ್ಕೋಹಾಲ್ ಇರುತ್ತದೆ. ಆದರೆ ಯಾರೂ ಬೇಸಿಗೆಯಲ್ಲಿ ಹಾಗೇ ಕುಡಿಯುತ್ತಾ ಕೂರುವುದಿಲ್ಲ. ಗ್ಲಾಸ್ ತುಂಬ ಐಸ್, ಒಂದು ಪಾಲು ಪೋರ್ಟ್, ಎರಡು ಪಾಲು ಟೋನಿಕ್ ನೀರು (ಚೂರು ಕಹಿ ಇರುವ ಸೋಡಾ), ನಿಂಬೆ ಬಿಲ್ಲೆ, ಪುದೀನ. ಊಟಕ್ಕೆ ಮೊದಲು ಬಾಗಿಲಲ್ಲೇ ಕೈಗೆ ಕೊಡಿ. ‘ಸೇಕು’ ಅಂತ ಬರೆದಿರುವುದನ್ನು ತನ್ನಿ, ಸಿಹಿ ಕಡಿಮೆ. ಟೋನಿಕ್ ನಾಲ್ಕು ಬಾಟಲಿ ಜಾಸ್ತಿಯೇ ಇರಲಿ. ಪೋರ್ಚುಗಲ್ಲಿನಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಆಲ್ಕೋಹಾಲ್ ಮುಟ್ಟಿದರೆ ದಂಡ. ಕಾರಿನ ಕೀ ಹಿಡಿದು ಬಂದವರಿಗೆ ಅದೇ ಗ್ಲಾಸ್, ಅದೇ ಐಸ್, ಅದೇ ಪುದೀನ. ಪೋರ್ಟ್ ಮಾತ್ರ ಬಿಟ್ಟು.